ಐವತ್ತಕ್ಕೆ ಐವತ್ತು ಗೆದ್ದವರೇ ಶ್ರೇಷ್ಠರೇ? ಬಾಕ್ಸಿಂಗ್ ದಿಗ್ಗಜರನ್ನು ತೂಗುವ ಬಗೆ

ಪ್ರಶ್ನೆ: ನಾನೂ ನನ್ನ ಅಣ್ಣನೂ ಬಾಕ್ಸಿಂಗ್ ವಿಚಾರಕ್ಕೆ ಸದಾ ವಾದ ಮಾಡುತ್ತಿರುತ್ತೇವೆ. ಐವತ್ತಕ್ಕೆ ಐವತ್ತೂ ಪಂದ್ಯ ಗೆದ್ದ ಫ್ಲಾಯ್ಡ್ ಮೇವೆದರ್ ಅವರಿಗಿಂತ ದೊಡ್ಡವರಿಲ್ಲ ಎನ್ನುವುದು ಅವನ ಪಟ್ಟು. ನನಗೆ ಮುಹಮ್ಮದ್ ಅಲಿ ಬಿಟ್ಟರೆ ಬೇರೆಯವರಿಲ್ಲ. ಹಳಬರನ್ನು ಕೇಳಿದರೆ ಶುಗರ್ ರೇ ರಾಬಿನ್‌ಸನ್ ಎನ್ನುತ್ತಾರೆ. ಬೇರೆ ಬೇರೆ ತೂಕದ, ಬೇರೆ ಬೇರೆ ಕಾಲದ ಬಾಕ್ಸರ್‌ಗಳನ್ನು ಹೋಲಿಸುವುದರಲ್ಲಿ ಅರ್ಥವಿದೆಯೇ? ಇದ್ದರೆ ಅಳತೆಗೋಲು ಯಾವುದು? ಈಗಿನವರಲ್ಲಿ ಆ ಸಾಲಿಗೆ ಸೇರುವವರು ಇದ್ದಾರೆಯೇ?

ಉತ್ತರ: ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಳಬರು ಹೇಳುವುದೇ ಸರಿ. ರಾಬಿನ್‌ಸನ್ ಮೊದಲು, ಉಳಿದವರೆಲ್ಲ ಅವರ ನಂತರ. ಆದರೆ ಹಳಬರು ಹೇಳುತ್ತಾರೆಂದು ಒಪ್ಪಿಕೊಳ್ಳಬೇಡಿ. ಕಾರಣಗಳನ್ನು ನೋಡಿ, ಆಮೇಲೆ ಅಣ್ಣನ ಜೊತೆ ವಾದಕ್ಕೆ ಕೂರಿ.

ಹೋಲಿಕೆ ದಾರಿ ತಪ್ಪುವುದು "ಇವರಿಬ್ಬರೂ ಎದುರಾದರೆ ಗೆಲ್ಲುವವರು ಯಾರು" ಎಂದು ಕೇಳಿದಾಗ. 1974ರಲ್ಲಿ ಕಿನ್ಶಾಸಾದ ರಿಂಗಿಗೆ ಇಳಿದ ಅಲಿ 216 ಪೌಂಡ್ ತೂಗುತ್ತಿದ್ದರು. 2007ರಲ್ಲಿ ಆಸ್ಕರ್ ಡೆ ಲಾ ಹೋಯಾ ಅವರನ್ನು ಎದುರಿಸಿದ ಮೇವೆದರ್ 150 ಪೌಂಡ್. ಇಂಥ ಪಂದ್ಯಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ವೇಟ್‌ಲಿಫ್ಟಿಂಗ್‌ನಲ್ಲಿ ಬೇರೆ ಬೇರೆ ದೇಹತೂಕದವರನ್ನು ಹೋಲಿಸಲು ಸಿಂಕ್ಲೇರ್ ಗುಣಾಂಕ ಎಂಬ ಸೂತ್ರವಿದೆ. ಅಲ್ಲಿ ಎತ್ತಬೇಕಾದ ಕಬ್ಬಿಣ ಎಲ್ಲ ಕಾಲಕ್ಕೂ ಒಂದೇ, ಹಾಗಾಗಿ ಸೂತ್ರ ಸಾಧ್ಯ. ಬಾಕ್ಸಿಂಗ್‌ನಲ್ಲಿ ಎದುರಿಗಿರುವುದು ಇನ್ನೊಬ್ಬ ಮನುಷ್ಯ. ಒಬ್ಬರ ಎತ್ತರ ಗೊತ್ತಾಗುವುದು ಆ ಇನ್ನೊಬ್ಬರ ಎತ್ತರದಿಂದ ಮಾತ್ರ. ಆದ್ದರಿಂದ ನಾನು ಕೇಳುವ ಪ್ರಶ್ನೆ ಬೇರೆ. ತನ್ನ ಕಾಲದಲ್ಲಿ ಸಿಕ್ಕಬಹುದಾಗಿದ್ದ ಅತ್ಯುತ್ತಮರ ಪೈಕಿ ಎಷ್ಟು ಮಂದಿಯನ್ನು ಈ ಬಾಕ್ಸರ್ ಎದುರಿಸಿದರು, ಯಾವ ಸ್ಥಿತಿಯಲ್ಲಿ ಎದುರಿಸಿದರು, ತನಗೆ ಅನುಕೂಲವಿಲ್ಲದಿದ್ದಾಗ ಏನು ಮಾಡಿದರು?

ಈ ಪ್ರಶ್ನೆಯನ್ನು ಇಟ್ಟುಕೊಂಡು ನಿಮ್ಮ ಅಣ್ಣನ 'ಸೊನ್ನೆ ಸೋಲು' ವಾದಕ್ಕೆ ಬರೋಣ. ಮೇವೆದರ್ ದೊಡ್ಡ ಬಾಕ್ಸರ್ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. 2001ರ ಜನವರಿಯಲ್ಲಿ ಅವರಂತೆಯೇ ಅಜೇಯರಾಗಿದ್ದ ಡಿಯೇಗೊ ಕೊರಾಲೆಸ್ ಅವರನ್ನು ಐದು ಬಾರಿ ನೆಲಕ್ಕೆ ಕೆಡವಿದ ಪಂದ್ಯ, ಆ ತೂಕದಲ್ಲಿ ನಾನು ಕಂಡ ಅತ್ಯಂತ ಪರಿಪೂರ್ಣ ಪ್ರದರ್ಶನಗಳಲ್ಲಿ ಒಂದು. ಐದು ತೂಕ ವಿಭಾಗಗಳಲ್ಲಿ ಪಟ್ಟ ಗೆದ್ದವರು ಅವರು. ಹಾಗಿದ್ದರೂ ಆ ಸೊನ್ನೆಯನ್ನು ಹತ್ತಿರದಿಂದ ನೋಡಬೇಕು. 2002ರ ಏಪ್ರಿಲ್‌ನಲ್ಲಿ ಹೋಸೆ ಲೂಯಿಸ್ ಕಾಸ್ಟಿಯೊ ವಿರುದ್ಧದ ತೀರ್ಪು ಇವತ್ತಿಗೂ ವಿವಾದದಲ್ಲಿದೆ. ತೀರ್ಪುಗಾರರ ಪೆನ್ಸಿಲ್ ಸ್ವಲ್ಪ ಆಚೀಚೆ ಆಗಿದ್ದರೆ ಸೊನ್ನೆ ಅಲ್ಲಿಯೇ ಅಳಿಯುತ್ತಿತ್ತು. ಮ್ಯಾನಿ ಪ್ಯಾಕಿಯಾವೊ ಜೊತೆಗಿನ ಪಂದ್ಯದ ಮಾತು 2009ರಿಂದ ನಡೆದಿತ್ತು, ಪಂದ್ಯ ನಡೆದದ್ದು 2015ರ ಮೇ ತಿಂಗಳಲ್ಲಿ. ಐವತ್ತನೆಯ ಗೆಲುವು ಬಂದದ್ದು ಕಾನರ್ ಮೆಕ್‌ಗ್ರೆಗರ್ ಮೇಲೆ. ಅದು ಮೆಕ್‌ಗ್ರೆಗರ್ ಅವರ ಮೊತ್ತಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ. ಆ ಐವತ್ತನ್ನು ಬಿಟ್ಟು 49ಕ್ಕೆ ಲೆಕ್ಕ ನಿಲ್ಲಿಸಿದ್ದರೆ ಮೇವೆದರ್ ಅವರ ಮೇಲಿನ ನನ್ನ ಗೌರವ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.

ರಾಕಿ ಮಾರ್ಸಿಯಾನೊ ಅವರದೂ 49ಕ್ಕೆ 49. ಅವರು ಸೋಲಿಸಿದ ದೊಡ್ಡ ಹೆಸರುಗಳನ್ನು ನೋಡಿ: ಜೋ ಲೂಯಿಸ್, ಜರ್ಸಿ ಜೋ ವಾಲ್ಕಾಟ್, ಎಝರ್ಡ್ ಚಾರ್ಲ್ಸ್, ಆರ್ಚಿ ಮೂರ್. ಎಲ್ಲರೂ ಮೂವತ್ತು ದಾಟಿದವರು. ಲೂಯಿಸ್ ಅವರಿಗೆ ಆಗ 37. ಇದು ಮಾರ್ಸಿಯಾನೊ ಅವರ ತಪ್ಪಲ್ಲ. ಅವರ ಕಾಲ ಅವರಿಗೆ ಕೊಟ್ಟದ್ದೇ ಅಷ್ಟು. ಆದರೆ ದಾಖಲೆಯನ್ನು ಓದುವವರು ಎದುರಾಳಿಯ ಹೆಸರಿನ ಜೊತೆಗೆ ವಯಸ್ಸನ್ನೂ ಓದಬೇಕು.

ಈಗ ರಾಬಿನ್‌ಸನ್ ಅವರ 1943ರ ಫೆಬ್ರವರಿ ತಿಂಗಳೊಂದನ್ನು ತೆಗೆದುಕೊಳ್ಳಿ. 5ನೇ ತಾರೀಖು ಡೆಟ್ರಾಯಿಟ್‌ನಲ್ಲಿ ಜೇಕ್ ಲಮೋಟಾ ವಿರುದ್ಧ ಸೋಲು, ವೃತ್ತಿಜೀವನದ ಮೊದಲ ಸೋಲು. ಲಮೋಟಾ ಮಿಡಲ್‌ವೇಟ್ (ಮಿತಿ 160 ಪೌಂಡ್), ರಾಬಿನ್‌ಸನ್ ವೆಲ್ಟರ್‌ವೇಟ್ (ಮಿತಿ 147 ಪೌಂಡ್). ಆ ರಾತ್ರಿ ಇಬ್ಬರ ನಡುವೆ ಸುಮಾರು ಹದಿನಾರು ಪೌಂಡ್ ಅಂತರವಿತ್ತು, ರಿಂಗಿನ ಹಗ್ಗಗಳ ನಡುವಿಂದ ಆಚೆ ಬೀಳುವಂಥ ಹೊಡೆತವನ್ನೂ ರಾಬಿನ್‌ಸನ್ ತಿಂದರು. 19ನೇ ತಾರೀಖು ನ್ಯೂಯಾರ್ಕ್‌ನಲ್ಲಿ ಜಾಕಿ ವಿಲ್ಸನ್ ವಿರುದ್ಧ ಗೆಲುವು. 26ನೇ ತಾರೀಖು ಮತ್ತೆ ಡೆಟ್ರಾಯಿಟ್, ಮತ್ತೆ ಅದೇ ಲಮೋಟಾ, ಈ ಸಲ ಗೆಲುವು. ಮರುದಿನ ಸೈನ್ಯಕ್ಕೆ ಸೇರ್ಪಡೆ. ತನ್ನನ್ನು ಸೋಲಿಸಿದ, ತನಗಿಂತ ದಪ್ಪ ಮೂಳೆಯ ಎದುರಾಳಿಯನ್ನು ಮೂರೇ ವಾರದಲ್ಲಿ ಮತ್ತೆ ಎದುರಿಸುವುದು, ನಡುವೆ ಇನ್ನೊಂದು ಕಠಿಣ ಪಂದ್ಯ ಆಡುವುದು! ಇಂದಿನ ಚಾಂಪಿಯನ್ ವರ್ಷಕ್ಕೆ ಎರಡು ಸಲ ರಿಂಗಿಗೆ ಇಳಿದರೆ ಹೆಚ್ಚು. ಹೀಗೆ ಬದುಕಿಯೂ ರಾಬಿನ್‌ಸನ್ 1951ರ ಫೆಬ್ರವರಿಯ ಹೊತ್ತಿಗೆ 120ಕ್ಕೂ ಹೆಚ್ಚು ಪಂದ್ಯ ಆಡಿ ಸೋತಿದ್ದು ಆ ಒಂದೇ ಒಂದನ್ನು. ಆ ಒಂದು ಸೋಲು ಇರುವ ದಾಖಲೆ ನನಗೆ ಸೊನ್ನೆ ಇರುವ ದಾಖಲೆಗಿಂತ ಬಹಳ ದೊಡ್ಡದಾಗಿ ಕಾಣುತ್ತದೆ.

ಕಾಲಗಳನ್ನು ಹೋಲಿಸುವವರು ಬಹುತೇಕ ಮರೆಯುವ ಸಂಗತಿ ತೂಕ ನೋಡುವ ಹೊತ್ತು. ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. 147 ಪೌಂಡಿನ ವೆಲ್ಟರ್‌ವೇಟ್ ಎಂದರೆ ಸಂಜೆ ರಿಂಗಿನಲ್ಲಿ ನಿಂತಾಗಲೂ ಹೆಚ್ಚುಕಡಿಮೆ 147 ಪೌಂಡಿನ ಮನುಷ್ಯ. 1980ರ ದಶಕದಿಂದೀಚೆಗೆ ಹಿಂದಿನ ದಿನ ತೂಕ ನೋಡುವುದು ರೂಢಿಗೆ ಬಂತು. ಮೈಯ ನೀರನ್ನು ಹಿಂಡಿ ತೆಗೆದು ತಕ್ಕಡಿ ಹತ್ತುವುದು, ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅದನ್ನೆಲ್ಲ ಮರಳಿ ತುಂಬಿಕೊಳ್ಳುವುದು ಈಗ ಒಂದು ವಿದ್ಯೆಯೇ ಆಗಿದೆ. 2000ದ ಫೆಬ್ರವರಿಯಲ್ಲಿ ಆರ್ಟುರೊ ಗಟ್ಟಿ 141 ಪೌಂಡಿಗೆ ತೂಗಿ, ಪಂದ್ಯದ ರಾತ್ರಿ ಸುಮಾರು 160 ಪೌಂಡಿನವರಾಗಿ ಬಂದರು. ಎದುರಾಳಿ ಜೋಯಿ ಗಮಾಶ್ ಎರಡನೆಯ ಸುತ್ತಿನಲ್ಲಿ ಕುಸಿದು ಬಿದ್ದರು, ಮಿದುಳಿಗೆ ಪೆಟ್ಟಾಗಿ ಮತ್ತೆಂದೂ ರಿಂಗಿಗೆ ಬರಲಿಲ್ಲ. ಈ ಪದ್ಧತಿಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅದಿರಲಿ. ಹೋಲಿಕೆಗೆ ಸಂಬಂಧಿಸಿದ ವಿಷಯ ಇದು: 1946ರ ವೆಲ್ಟರ್‌ವೇಟ್ ರಾಬಿನ್‌ಸನ್ ಇಂದಿನ ಪದ್ಧತಿಯಲ್ಲಿ 140 ಪೌಂಡ್ ಅಥವಾ 135 ಪೌಂಡ್ ವಿಭಾಗದಲ್ಲಿ ಆಡಬಹುದಿತ್ತು. ವಿಭಾಗದ ಹೆಸರು ಒಂದೇ ಇದ್ದ ಮಾತ್ರಕ್ಕೆ ಮನುಷ್ಯರ ಗಾತ್ರ ಒಂದೇ ಎಂದುಕೊಳ್ಳಬಾರದು.

ಸುತ್ತುಗಳ ಸಂಖ್ಯೆಯೂ ಹಾಗೆಯೇ. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ವಿರುದ್ಧ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ಪಟ್ಟದ ಪಂದ್ಯಗಳು ಹದಿನೈದು ಸುತ್ತಿನಿಂದ ಹನ್ನೆರಡಕ್ಕೆ ಇಳಿದವು. ಅದು ಸರಿಯಾದ ನಿರ್ಧಾರ. ಆದರೆ ಹದಿಮೂರನೆಯ ಸುತ್ತಿನ ಆಚೆಗೆ ಶಕ್ತಿ ಉಳಿಸಿಕೊಳ್ಳುವುದನ್ನು ಬದುಕಿಡೀ ಅಭ್ಯಾಸ ಮಾಡಿದವರನ್ನೂ ಹನ್ನೆರಡಕ್ಕೆ ತಯಾರಾದವರನ್ನೂ ಒಂದೇ ಪಂದ್ಯದಲ್ಲಿ ಊಹಿಸಿಕೊಳ್ಳುವಾಗ, ನಿಯಮ ಯಾರ ಕಾಲದ್ದು ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ಪಟ್ಟಗಳ ಎಣಿಕೆಯಲ್ಲಿ ಇನ್ನೂ ದೊಡ್ಡ ಮೋಸವಿದೆ. ಹಿಂದೆ ಇದ್ದದ್ದು ಎಂಟೇ ತೂಕ ವಿಭಾಗ, ಬಹುಪಾಲು ಒಂದೊಂದಕ್ಕೆ ಒಬ್ಬರೇ ಚಾಂಪಿಯನ್. ಈಗ ಎಲ್ಲರೂ ಒಪ್ಪುವ ವಿಭಾಗಗಳೇ ಹದಿನೇಳು; ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂದು ಪಟ್ಟ ಕೊಡುವ ನಾಲ್ಕು ಸಂಸ್ಥೆಗಳು. ಅಂದರೆ ಒಂದೇ ಕಾಲಕ್ಕೆ 68 ಪಟ್ಟಿಗಳು ಸೊಂಟದಿಂದ ಸೊಂಟಕ್ಕೆ ಓಡಾಡುತ್ತಿರುತ್ತವೆ. ಆದ್ದರಿಂದಲೇ ಹೆನ್ರಿ ಆರ್ಮ್‌ಸ್ಟ್ರಾಂಗ್ ಮಾಡಿದ್ದನ್ನು ಇಂದಿನ ಎಣಿಕೆಯಲ್ಲಿ ಹೇಳಲು ಬರುವುದಿಲ್ಲ. 1937ರ ಅಕ್ಟೋಬರ್ 29ರಂದು ಪೀಟಿ ಸ್ಯಾರನ್ ಅವರಿಂದ ಫೆದರ್‌ವೇಟ್ ಪಟ್ಟ. 1938ರ ಮೇ 31ರಂದು, ಲೈಟ್‌ವೇಟ್ ಮಿತಿಗಿಂತಲೂ ಕಡಿಮೆ ತೂಗುತ್ತಾ, ಬಾರ್ನಿ ರಾಸ್ ಅವರನ್ನು ಹದಿನೈದು ಸುತ್ತು ಅಟ್ಟಾಡಿಸಿ ವೆಲ್ಟರ್‌ವೇಟ್ ಪಟ್ಟ. ಆಗಸ್ಟ್ 17ರಂದು ಲೂ ಆಂಬರ್ಸ್ ಅವರಿಂದ ಲೈಟ್‌ವೇಟ್ ಪಟ್ಟ. ಹತ್ತು ತಿಂಗಳೂ ತುಂಬಿರಲಿಲ್ಲ, ಎಂಟು ಪಟ್ಟಗಳಲ್ಲಿ ಮೂರು ಒಬ್ಬರ ಕೈಯಲ್ಲಿ, ಅದೂ ಏಕಕಾಲಕ್ಕೆ. ಆಂಬರ್ಸ್ ಪಂದ್ಯದಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಬಾಯಿ ಹರಿದು ರಕ್ತ ಸುರಿಯುತ್ತಿತ್ತು. ರಿಂಗಿನ ನೆಲ ರಕ್ತವಾಗಿದೆ, ಹೀಗೆಯೇ ಆದರೆ ಪಂದ್ಯ ನಿಲ್ಲಿಸುತ್ತೇನೆ ಎಂದು ರೆಫರಿ ಎಚ್ಚರಿಸಿದಾಗ ಅವರು ಬಾಯಿಗವಸನ್ನು ತೆಗೆದುಹಾಕಿ, ಉಳಿದ ಸುತ್ತುಗಳಲ್ಲಿ ತನ್ನ ರಕ್ತವನ್ನು ತಾನೇ ನುಂಗುತ್ತಾ ಹೋರಾಡಿದರು. 1940ರಲ್ಲಿ ಮಿಡಲ್‌ವೇಟ್ ಪಟ್ಟಕ್ಕೂ ಕೈ ಚಾಚಿದರು. ಸೆಫರಿನೊ ಗಾರ್ಸಿಯಾ ಜೊತೆಗಿನ ಆ ಪಂದ್ಯ ಸಮಬಲವಾಯಿತು.

ಪ್ಯಾಕಿಯಾವೊ ಎಂಟು ವಿಭಾಗಗಳಲ್ಲಿ ಪಟ್ಟ ಗೆದ್ದಿದ್ದಾರೆ ಎಂಬ ಮಾತಿಗೂ ಇದೇ ಎಚ್ಚರ ಬೇಕು. ಎಂಟರ ಸಂಖ್ಯೆಯನ್ನು ನಾನು ಬದಿಗಿಡುತ್ತೇನೆ. 1998ರಲ್ಲಿ 112 ಪೌಂಡಿನ ಫ್ಲೈವೇಟ್ ಚಾಂಪಿಯನ್ ಆಗಿದ್ದವರು 2019ರಲ್ಲಿ ನಲವತ್ತನೆಯ ವಯಸ್ಸಿನಲ್ಲಿ 147 ಪೌಂಡಿನಲ್ಲಿ ಅಜೇಯ ಕೀತ್ ಥರ್ಮನ್ ಅವರನ್ನು ಸೋಲಿಸಿದರಲ್ಲ, ಬೆರಗು ಅಲ್ಲಿದೆ. ಆ ಎರಡು ತುದಿಗಳ ನಡುವೆ ಎಷ್ಟು ಪಟ್ಟಿ ಸಿಕ್ಕಿದವು ಎಂಬುದರಲ್ಲಿಲ್ಲ.

ಅಲಿ ಬಗ್ಗೆ ನೀವು ಕೇಳಿದ್ದಕ್ಕೆ ಬರುತ್ತೇನೆ. ಹೆವಿವೇಟ್‌ಗಳಲ್ಲಿ ಅಲಿ ಮೊದಲಿಗರು ಎಂಬ ನಿಮ್ಮ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಎರಡನೆಯವರು ಜೋ ಲೂಯಿಸ್, ಸುಮಾರು ಹನ್ನೆರಡು ವರ್ಷ ಪಟ್ಟ ಉಳಿಸಿಕೊಂಡು 25 ಸಲ ಅದನ್ನು ಕಾಪಾಡಿದವರು. ಅಲಿ ಅವರ ಎದುರಾಳಿಗಳ ಪಟ್ಟಿ ಬೇರೆ ಯಾವ ಹೆವಿವೇಟ್‌ಗೂ ಇಲ್ಲ: ಸನ್ನಿ ಲಿಸ್ಟನ್, ಫ್ಲಾಯ್ಡ್ ಪ್ಯಾಟರ್ಸನ್, ಜೋ ಫ್ರೇಸಿಯರ್, ಕೆನ್ ನಾರ್ಟನ್, ಜಾರ್ಜ್ ಫೋರ್ಮನ್. ಅದರಲ್ಲೂ 1967ರಿಂದ 1970ರವರೆಗೆ, ದೇಹ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ, ಸೈನ್ಯಕ್ಕೆ ಸೇರಲು ಒಪ್ಪದ ಕಾರಣ ಅವರಿಗೆ ರಿಂಗಿನ ಬಾಗಿಲು ಮುಚ್ಚಿತ್ತು. ಅವರ ಅತಿ ದೊಡ್ಡ ಗೆಲುವುಗಳು ಬಂದದ್ದು ಕಾಲಿನ ವೇಗ ಹೋದ ಮೇಲೆ.

ಅಲಿ ಅವರ ಕಾಲ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಫೋರ್ಮನ್ 1973ರಲ್ಲಿ ಫ್ರೇಸಿಯರ್ ಅವರನ್ನೂ 1974ರಲ್ಲಿ ನಾರ್ಟನ್ ಅವರನ್ನೂ ಎರಡೆರಡೇ ಸುತ್ತಿನಲ್ಲಿ ಮುಗಿಸಿದರು. ಅದೇ ಫ್ರೇಸಿಯರ್ ಅಲಿಯನ್ನು ಸೋಲಿಸಿದ್ದರು, ನಾರ್ಟನ್ ಅಲಿಯ ದವಡೆ ಮುರಿದು ಸೋಲಿಸಿದ್ದರು. ಹಾಗಾದರೆ ಫೋರ್ಮನ್ ಅಲಿಯನ್ನು ಪುಡಿ ಮಾಡಬೇಕಿತ್ತಲ್ಲವೇ? ಕಿನ್ಶಾಸಾದಲ್ಲಿ ಎಂಟನೆಯ ಸುತ್ತಿನಲ್ಲಿ ನೆಲಕ್ಕೆ ಬಿದ್ದದ್ದು ಫೋರ್ಮನ್. ಮುನ್ನುಗ್ಗಿ ಬರುವವರು ಫೋರ್ಮನ್‌ಗೆ ಸುಲಭದ ತುತ್ತು. ಹಗ್ಗಕ್ಕೆ ಒರಗಿ ಹೊಡೆತಗಳನ್ನು ತೋಳುಗಳ ಮೇಲೆ ತೆಗೆದುಕೊಂಡು ನಡುನಡುವೆ ನೇರ ಬಲಗೈ ಕಳಿಸುವವರು ಅಲ್ಲ. 'ಇವರು ಅವರನ್ನು ಸೋಲಿಸಿದರು, ಅವರು ಮತ್ತೊಬ್ಬರನ್ನು, ಆದ್ದರಿಂದ ಇವರು ಮತ್ತೊಬ್ಬರನ್ನೂ ಸೋಲಿಸುತ್ತಾರೆ' ಎಂಬ ಸರಪಳಿ ಒಂದೇ ಕಾಲದ, ಒಂದೇ ತೂಕದ ನಾಲ್ವರ ನಡುವೆಯೇ ಹೀಗೆ ಕಡಿದುಹೋಗುವಾಗ, ಅದನ್ನು ಐವತ್ತು ವರ್ಷ ಎಳೆದು ಇನ್ನೊಂದು ಕಾಲಕ್ಕೆ ಕಟ್ಟುವುದು ಹೇಗೆ?

ಹಾಗೆಂದು ಹಳೆಯವರು ಇಂದಿನವರ ಮುಂದೆ ನಿಲ್ಲಲಾರರು ಎನ್ನುವವರಿಗೂ ಫೋರ್ಮನ್ ಅವರೇ ಉತ್ತರ. 42ನೇ ವಯಸ್ಸಿನಲ್ಲಿ, ಶಿಖರದಲ್ಲಿದ್ದ ಇವಾಂಡರ್ ಹೋಲಿಫೀಲ್ಡ್ ಎದುರು ಹನ್ನೆರಡು ಸುತ್ತು ನಿಂತರು. 45ನೇ ವಯಸ್ಸಿನಲ್ಲಿ, 1994ರ ನವೆಂಬರ್‌ನಲ್ಲಿ, ಮೈಕೆಲ್ ಮೂರರ್ ಅವರನ್ನು ಕೆಡವಿ ಪಟ್ಟವನ್ನೇ ಮರಳಿ ಪಡೆದರು. ಹೆವಿವೇಟ್‌ಗಳ ಮೈಗಾತ್ರ ಬೆಳೆದಿರುವುದು ನಿಜ; ಸುಮಾರು 185 ಪೌಂಡಿನ ಮಾರ್ಸಿಯಾನೊ ಇಂದು ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ಆಗುತ್ತಿದ್ದರು. ಕೆಳಗಿನ ವಿಭಾಗಗಳಲ್ಲಿ ಆ ತೊಡಕಿಲ್ಲ. ಅಲ್ಲಿ ತಕ್ಕಡಿ ಎಲ್ಲರನ್ನೂ ಒಂದು ಮಿತಿಯೊಳಗೆ ತರುತ್ತದೆ, ಕೌಶಲವನ್ನು ಕೌಶಲದ ಎದುರು ಇಟ್ಟು ನೋಡಬಹುದು. ಶ್ರೇಷ್ಠರ ಚರ್ಚೆಯಲ್ಲಿ ನಾನು ಹೆವಿವೇಟ್‌ಗಳಿಗಿಂತ ವೆಲ್ಟರ್‌ವೇಟ್‌ಗಳ ಮೇಲೆ ಹೆಚ್ಚು ನಂಬಿಕೆ ಇಡುವುದು ಇದರಿಂದಲೇ.

ಪಟ್ಟವೇ ಸಿಗದವರನ್ನು ಈ ಚರ್ಚೆಯಿಂದ ಹೊರಗಿಡುವುದು ದೊಡ್ಡ ಅನ್ಯಾಯ. ಸ್ಯಾಮ್ ಲ್ಯಾಂಗ್‌ಫರ್ಡ್ ಐದೂವರೆ ಅಡಿಯ ಆಸುಪಾಸಿನ ಮನುಷ್ಯ. ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಎಲ್ಲರೊಡನೆಯೂ ಹೋರಾಡಿದರು. 1903ರಲ್ಲಿ ಲೈಟ್‌ವೇಟ್ ಚಾಂಪಿಯನ್ ಜೋ ಗ್ಯಾನ್ಸ್ ಅವರನ್ನು ಸೋಲಿಸಿದರು, ಪಟ್ಟ ಪಣಕ್ಕಿರಲಿಲ್ಲ. 1906ರಲ್ಲಿ ತನಗಿಂತ ಬಹಳ ಭಾರದ ಜಾಕ್ ಜಾನ್ಸನ್ ಅವರಿಗೆ ಸೋತರು. ಲ್ಯಾಂಗ್‌ಫರ್ಡ್ ಅವರಂತೆಯೇ ಕಪ್ಪು ಬಾಕ್ಸರ್ ಆಗಿದ್ದ ಜಾನ್ಸನ್ ಕೂಡ ಚಾಂಪಿಯನ್ ಆದ ಮೇಲೆ ಲ್ಯಾಂಗ್‌ಫರ್ಡ್‌ಗೆ ಮತ್ತೊಂದು ಅವಕಾಶ ಕೊಡಲಿಲ್ಲ. ಬಿಳಿಯ ಚಾಂಪಿಯನ್‌ಗಳಂತೂ ಕಪ್ಪು ಬಾಕ್ಸರ್‌ಗಳೊಂದಿಗೆ ಆಡುವುದೇ ಇಲ್ಲ ಎಂದು ಗೆರೆ ಎಳೆದಿದ್ದ ಕಾಲವದು. ದೃಷ್ಟಿ ಹೋಗುತ್ತಿದ್ದ ಲ್ಯಾಂಗ್‌ಫರ್ಡ್ 1922ರಲ್ಲಿ ಟೈಗರ್ ಫ್ಲವರ್ಸ್ ಅವರನ್ನು ಎರಡನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. ಆ ಫ್ಲವರ್ಸ್ 1926ರಲ್ಲಿ ಮಹಾನ್ ಹ್ಯಾರಿ ಗ್ರೆಬ್ ಅವರಿಂದ ಮಿಡಲ್‌ವೇಟ್ ಪಟ್ಟ ಕಸಿದುಕೊಂಡವರು. ಎಝರ್ಡ್ ಚಾರ್ಲ್ಸ್ ಅವರನ್ನೂ ನೋಡಿ. ಆರ್ಚಿ ಮೂರ್ ಅವರನ್ನು ಮೂರಕ್ಕೆ ಮೂರೂ ಸಲ, ಎಲ್ಲ ಚಾಂಪಿಯನ್‌ಗಳೂ ತಪ್ಪಿಸಿಕೊಂಡು ಓಡಾಡಿದ ಚಾರ್ಲಿ ಬರ್ಲಿಯನ್ನು ಎರಡಕ್ಕೆ ಎರಡು ಸಲ ಸೋಲಿಸಿದರು. ಲೈಟ್ ಹೆವಿವೇಟ್‌ಗಳಲ್ಲಿ ಅವರಿಗೆ ಸಮನಾದವರನ್ನು ನಾನು ಕಾಣೆ, ಆ ವಿಭಾಗದ ಪಟ್ಟ ಮಾತ್ರ ಅವರಿಗೆ ಎಂದೂ ಸಿಗಲಿಲ್ಲ. ಪಟ್ಟಗಳನ್ನಷ್ಟೇ ಎಣಿಸುವವರ ಲೆಕ್ಕದಲ್ಲಿ ಇಂಥವರಿಗೆ ಜಾಗವೇ ಇರುವುದಿಲ್ಲ.

ಪಂದ್ಯಗಳ ಚಲನಚಿತ್ರಗಳ ತೊಂದರೆಯೂ ಇದೆ. ಗ್ರೆಬ್ 1922ರಲ್ಲಿ ಜೀನ್ ಟನಿ ಅವರಿಗೆ ಅವರ ಬದುಕಿನ ಏಕೈಕ ಸೋಲನ್ನು ಉಣಿಸಿದವರು. ಗ್ರೆಬ್ ಆಡಿದ ಒಂದು ಪಂದ್ಯದ ಚಲನಚಿತ್ರವೂ ನಮಗೆ ಉಳಿದಿಲ್ಲ. ರಾಬಿನ್‌ಸನ್ ಅವರ ವೆಲ್ಟರ್‌ವೇಟ್ ವರ್ಷಗಳದ್ದೂ ಬಹುತೇಕ ಇಲ್ಲ. ನಾವು ನೋಡುವುದೆಲ್ಲ ಮೂವತ್ತರ ಅಂಚಿನಲ್ಲಿದ್ದ, ಒಂದು ವಿಭಾಗ ಮೇಲಕ್ಕೆ ಹೋದ ರಾಬಿನ್‌ಸನ್. ಆ ಇಳಿಗಾಲವೇ ಇಷ್ಟು ಚೆನ್ನಾಗಿದ್ದರೆ ಏರುಗಾಲ ಹೇಗಿದ್ದಿರಬೇಕು!

ಅದಕ್ಕೆ ನಾನು ಎಲ್ಲರಿಗೂ ನೋಡಲು ಹೇಳುವುದು 1957ರ ಮೇ 1ರ ಪಂದ್ಯ, ಷಿಕಾಗೊ ಸ್ಟೇಡಿಯಂ. ರಾಬಿನ್‌ಸನ್‌ಗೆ 36 ತುಂಬಲು ಎರಡು ದಿನ ಬಾಕಿ. ನಾಲ್ಕು ತಿಂಗಳ ಹಿಂದೆ ಜೀನ್ ಫುಲ್ಮರ್ ಅವರನ್ನು ಹದಿನೈದು ಸುತ್ತು ಗುದ್ದಾಡಿಸಿ ಅವರಿಂದ ಪಟ್ಟ ಕಿತ್ತುಕೊಂಡದ್ದು ರಾಬಿನ್‌ಸನ್ ಅಲ್ಲ, ಫುಲ್ಮರ್ ಅವರೇ ರಾಬಿನ್‌ಸನ್‌ರಿಂದ ಕಿತ್ತುಕೊಂಡಿದ್ದರು. ಫುಲ್ಮರ್ ಕಲ್ಲುಗುಂಡಿನಂಥ ಮನುಷ್ಯ, ಅಲ್ಲಿಯವರೆಗೆ ಯಾರೂ ಅವರನ್ನು ನಾಕೌಟ್ ಮಾಡಿರಲಿಲ್ಲ. ಐದನೆಯ ಸುತ್ತಿನಲ್ಲಿ ರಾಬಿನ್‌ಸನ್ ಬಲಗೈಯಿಂದ ಹೊಟ್ಟೆಯ ಕಡೆಗೆ ಹೊಡೆಯುತ್ತಾರೆ. ಫುಲ್ಮರ್ ಗಮನ ಕೆಳಕ್ಕೆ ಇಳಿಯುತ್ತದೆ, ಕೈಯೂ ಸ್ವಲ್ಪ ಇಳಿಯುತ್ತದೆ. ಅಷ್ಟರಲ್ಲಿ ಗದ್ದಕ್ಕೆ ಎಡಗೈ ಹುಕ್, ಅಂದರೆ ಮಡಿಸಿದ ತೋಳಿನಿಂದ ಪಕ್ಕದಿಂದ ಬೀಸುವ ಗುದ್ದು. ವಿಶೇಷವೆಂದರೆ ಆ ಹುಕ್ ಹೊರಟ ಗಳಿಗೆಯಲ್ಲಿ ರಾಬಿನ್‌ಸನ್ ಮೈ ಮುಂದಕ್ಕೆ ಹೋಗುತ್ತಿಲ್ಲ, ಹಿಂದಕ್ಕೆ ಸರಿಯುತ್ತಿದೆ. ಹಿಂದೆ ಸರಿಯುವಾಗ ಹೊಡೆತಕ್ಕೆ ಬಲವಿರುವುದಿಲ್ಲ ಎಂಬುದು ಕಲಿಯುವ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ. ಇಲ್ಲಿ ಸೊಂಟ ತಿರುಗಿದ ರೀತಿ, ಗುದ್ದಿನ ದೂರ ಎಷ್ಟು ಚಿಕ್ಕದು ಎಂಬುದನ್ನು ನಿಧಾನಗತಿಯಲ್ಲಿ ನೋಡಿ. ರೆಫರಿ ಹತ್ತು ಎಣಿಸಿ ಮುಗಿಸಿದಾಗಲೂ ಏನು ನಡೆಯಿತೆಂಬುದು ಫುಲ್ಮರ್‌ಗೆ ಅರ್ಥವಾಗಿರಲಿಲ್ಲ.

ಇನ್ನೊಂದು, ಅವರು ಸೋತ ಪಂದ್ಯ. 1952ರ ಜೂನ್ 25, ಯಾಂಕಿ ಸ್ಟೇಡಿಯಂ, ಲೈಟ್ ಹೆವಿವೇಟ್ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಎದುರು. ತೂಕದಲ್ಲಿ ಹದಿನೈದು ಪೌಂಡ್ ಹಿಂದೆ. ಬಿಸಿಲಿಲ್ಲದ ರಾತ್ರಿಯಲ್ಲೂ ದೀಪಗಳ ಕೆಳಗೆ ನಲವತ್ತು ಡಿಗ್ರಿ ಸೆಲ್ಸಿಯಸ್ಸಿನ ಸೆಕೆ. ಹತ್ತನೆಯ ಸುತ್ತಿನ ನಂತರ ರೆಫರಿ ರೂಬಿ ಗೋಲ್ಡ್‌ಸ್ಟೀನ್ ಅವರೇ ನಿತ್ರಾಣರಾಗಿ ಹೊರಹೋದರು, ಬೇರೆ ರೆಫರಿ ಬಂದರು. ರಾಬಿನ್‌ಸನ್ ಎಲ್ಲ ಅಂಕಪಟ್ಟಿಗಳಲ್ಲೂ ಮುಂದಿದ್ದರು. ಹದಿಮೂರು ಸುತ್ತು ಮುಗಿಸಿದ ಮೇಲೆ ಹದಿನಾಲ್ಕಕ್ಕೆ ಎದ್ದು ನಿಲ್ಲಲು ಅವರಿಂದಾಗಲಿಲ್ಲ. ಇದು ದಾಖಲೆಯಲ್ಲಿ ಒಂದು ಸೋಲು, ಅಷ್ಟೇ. ನನ್ನ ತಕ್ಕಡಿಯಲ್ಲಿ ಅದು ಎಷ್ಟೋ ಜನರ ಪಟ್ಟದ ಗೆಲುವುಗಳಿಗಿಂತ ಹೆಚ್ಚು ತೂಗುತ್ತದೆ.

ರಾಬಿನ್‌ಸನ್ ವಿರುದ್ಧ ಹೇಳುವುದಕ್ಕೂ ಇದೆ. ಬರ್ಲಿಯನ್ನು ಅವರು ಎಂದೂ ಎದುರಿಸಲಿಲ್ಲ. ಅದು ಅವರ ಪಟ್ಟಿಯಲ್ಲಿ ಎದ್ದು ಕಾಣುವ ಖಾಲಿ ಜಾಗ. ಎದುರಾಳಿಗಳ ಗುಣಮಟ್ಟವನ್ನಷ್ಟೇ ನೋಡಿದರೆ ಗ್ರೆಬ್ ಅವರನ್ನು ಮೇಲೆ ಇಡುವವರ ವಾದವೂ ಗಟ್ಟಿಯಾಗಿದೆ, ನಾನು ಅದನ್ನು ಗೌರವಿಸುತ್ತೇನೆ. ನಾನು ರಾಬಿನ್‌ಸನ್ ಪರ ನಿಲ್ಲುವುದು ಕಣ್ಣಾರೆ ನೋಡಬಹುದಾದ ಕೌಶಲವೂ ಎದುರಾಳಿಗಳ ಪಟ್ಟಿಯೂ ಅವರಲ್ಲಿ ಒಟ್ಟಿಗೆ ಸಿಗುವುದರಿಂದ. ಅವರ ಹಿಂದೆ ಗ್ರೆಬ್, ಆರ್ಮ್‌ಸ್ಟ್ರಾಂಗ್, ಲ್ಯಾಂಗ್‌ಫರ್ಡ್, ಚಾರ್ಲ್ಸ್; ಆಮೇಲೆ ಅಲಿ, ರಾಬರ್ಟೊ ಡುರಾನ್, ವಿಲ್ಲಿ ಪೆಪ್. ಮೇವೆದರ್ ನನ್ನ ಮೊದಲ ಇಪ್ಪತ್ತೈದರೊಳಗೆ ಖಂಡಿತ ಇದ್ದಾರೆ, ಮೊದಲ ಹತ್ತರಲ್ಲಿ ಇಲ್ಲ.

ಈಗಿನವರಲ್ಲಿ ಮೂವರನ್ನು ಗಂಭೀರವಾಗಿ ಪರಿಗಣಿಸಬೇಕು. ಜಪಾನಿನ ನಾವೊಯಾ ಇನೌಯೆ ಬ್ಯಾಂಟಮ್‌ವೇಟ್, ಸೂಪರ್ ಬ್ಯಾಂಟಮ್‌ವೇಟ್ ಎರಡರಲ್ಲೂ ನಾಲ್ಕೂ ಪಟ್ಟಗಳನ್ನು ಒಟ್ಟುಗೂಡಿಸಿದವರು. ಟೆರೆನ್ಸ್ ಕ್ರಾಫರ್ಡ್ ಅದನ್ನೇ ಮೂರು ವಿಭಾಗಗಳಲ್ಲಿ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ 168 ಪೌಂಡಿಗೆ ಏರಿ ಕನೆಲೊ ಆಲ್ವಾರೆಸ್ ಅವರನ್ನು ಸೋಲಿಸಿದ್ದು ಹಳೆಯ ಕಾಲದ ಧೈರ್ಯ. ಆದರೆ ನನ್ನ ಮೆಚ್ಚುಗೆ ಹೆಚ್ಚಾಗಿ ಉಕ್ರೇನಿನ ಅಲೆಕ್ಸಾಂಡರ್ ಉಸಿಕ್ ಅವರಿಗೆ. ಕ್ರೂಸರ್‌ವೇಟ್‌ನ ನಾಲ್ಕೂ ಪಟ್ಟ 2018ರಲ್ಲಿ ಮಾಸ್ಕೋದಲ್ಲಿ, ಸ್ಥಳೀಯ ಪ್ರೇಕ್ಷಕರ ಎದುರು ರಷ್ಯಾದ ಮುರಾತ್ ಗಾಸಿಯೆವ್ ಅವರನ್ನು ಸೋಲಿಸಿ ಒಟ್ಟುಗೂಡಿಸಿದ್ದು. ಆಮೇಲೆ ಆಂಟನಿ ಜೋಶುವಾ ಅವರನ್ನು ಮೊದಲು ಲಂಡನ್ನಿನಲ್ಲಿ, ಮತ್ತೆ ಜೆದ್ದಾದಲ್ಲಿ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಆರಡಿ ಒಂಬತ್ತಂಗುಲದ, ತನಗಿಂತ ಸುಮಾರು ನಲವತ್ತು ಪೌಂಡ್ ಭಾರದ ಟೈಸನ್ ಫ್ಯೂರಿ. ಒಂಬತ್ತನೆಯ ಸುತ್ತಿನಲ್ಲಿ ಆ ದೈತ್ಯ ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ತೂರಾಡಿ ರೆಫರಿ ಎಣಿಸಬೇಕಾಯಿತು. ಡಿಸೆಂಬರ್‌ನಲ್ಲಿ ಮರುಪಂದ್ಯ, ಮತ್ತೆ ಗೆಲುವು. ಎದುರಾಳಿಯ ಊರಿಗೆ ಹೋಗುವುದು, ತನಗಿಂತ ದೊಡ್ಡವರನ್ನು ಆರಿಸಿಕೊಳ್ಳುವುದು, ಮರುಪಂದ್ಯಕ್ಕೆ ಹಿಂಜರಿಯದಿರುವುದು: ರಾಬಿನ್‌ಸನ್ ಮತ್ತು ಆರ್ಮ್‌ಸ್ಟ್ರಾಂಗ್ ಅವರಿಗೆ ನಾನು ಹಿಡಿದ ಅಳತೆಗೋಲನ್ನೇ ಉಸಿಕ್‌ಗೂ ಹಿಡಿದರೆ, ಹೆವಿವೇಟ್‌ಗಳ ಸಾಲಿನಲ್ಲಿ ಅಲಿ ಮತ್ತು ಲೂಯಿಸ್ ಅವರ ಕೆಳಗೆ, ಮಾರ್ಸಿಯಾನೊ ಅವರ ಮೇಲೆ ಅವರಿಗೆ ಜಾಗ ಸಿಗುತ್ತದೆ.